ಕಲ್ಮೈ ರಾಜ ಹೊಳೆದಂಡೆಯಲ್ಲಿ ಬಿಟ್ಟ ಅಂಗಿ

ದಂಡೋತಿ, ತಾಲೂಕು ಚಿತ್ತಾಪುರ
೪ ಆಗಸ್ಟ್ ೧೯೭೪

ಹುಬ್ಬಳ್ಳಿಯ 'ಪುಟ್ಟಬಂಡಿ' ವಾರಪತ್ರಿಕೆಯಲ್ಲಿ ಕಲ್ಮೈ ರಾಜನ ಚಿತ್ರಕಥೆ ಬರೆಯುವವರಿಗೆ ದಂಡೋತಿಯ ಗುಂಡಮ್ಮ ಮಾಡುವ ಶರಣು.

ಕಾಗದದಲ್ಲಿ ಮೊದಲು ಕ್ಷೇಮ ಬರೆಯಬೇಕು ಅಂತ ಅಯ್ಯನವರು ಕಲಿಸಿದ್ದರು. ನಾವು ಕ್ಷೇಮ ಇಲ್ಲ. ಸುಳ್ಳು ಬರೆದು ಶಾಯಿ ಯಾಕೆ ಕೆಡಿಸಲಿ. ಮಠದ ಕಟ್ಟೆಯ ಮೇಲೆ ಮರಳಿನಲ್ಲಿ ಬೆರಳಾಡಿಸಿ ಎರಡನೆಯ ಇಯತ್ತೆಗೆ ಬಿಟ್ಟವಳು ನಾನು. ಅಕ್ಷರ ಸೊಟ್ಟ ಆದರೆ ಸೈರಿಸಿಕೊಳ್ಳಿ, ಮಾತು ಸೊಟ್ಟ ಇರುವುದಿಲ್ಲ.

ವಾಡಿ ಸ್ಟೇಷನ್ನಿನಲ್ಲಿ ಶೇಂಗಾ ಮಾರುವ ರಶೀದಾಬೇಗಂ ನನ್ನ ಗೆಳತಿ. ಹೋದ ವಾರ ಅವಳು ಶೇಂಗಾ ಕಟ್ಟಿಕೊಟ್ಟ ಕಾಗದದಲ್ಲಿ ನಿಮ್ಮ ರಾಜ ಇದ್ದ. ಮೈಯೆಲ್ಲ ನೆಲಕ್ಕೆ ಹಾಸುವ ನಮ್ಮ ಶಹಾಬಾದಿನ ಫರಸಿ ಕಲ್ಲು. ಕತ್ತಿ ಬಡಿದರೆ ಕತ್ತಿಯೇ ಮುರಿಯುತ್ತದೆ, ಒಂದೇ ಜಿಗಿತಕ್ಕೆ ಹೊಳೆ ದಾಟುತ್ತಾನೆ. ಇರಲಿ, ರಾಜರು ದಾಟುತ್ತಾರೆ. ಅವನ ಹಿಂದೆ ಬಂದ ದಂಡು ನೋಡಿ ಶೇಂಗಾ ನನ್ನ ಗಂಟಲಲ್ಲೇ ನಿಂತಿತು. ಎಡಗೊಂಬು ಮುರಿದ ಎಮ್ಮೆಯೊಂದು ಹಾರುತ್ತಿದೆ. ಅದು ನಮ್ಮ ಎಮ್ಮೆ. ಬಾಗಿಲಚೌಕಟ್ಟಿಗೆ ಗುದ್ದಿ ಕೊಂಬು ಮುರಿದುಕೊಂಡ ಮೂಳಿ. ಬುಟ್ಟಿಯಿಂದ ಶೇಂಗಾ ತೆಗೆದು ತೋಪಿನ ಗುಂಡಿನ ಹಾಗೆ ಎಸೆಯುವ ಬೇಗಂ ಒಬ್ಬಳಿದ್ದಾಳೆ. ರಶೀದಾಗೆ ತೋರಿಸಿದೆ. "ತೋಬಾ, ನನ್ನ ಮೂಗು ಇಷ್ಟು ದೊಡ್ಡದು ಅದೇನ ಗುಂಡಮ್ಮಕ್ಕಾ?" ಅಂದಳು. ಅಷ್ಟೇ ದೊಡ್ಡದು. ಇನ್ನೊಬ್ಬಳು ಮೂರು ಗಂಟಿನ ಕೋಲು ಹಿಡಿದು ವೈರಿಗಳಿಗೆ ಬೈಯುವ ಮುದುಕಿ. ರಾಜ ಅವಳನ್ನು 'ಆಯಿ' ಅನ್ನುತ್ತಾನೆ. ನಮ್ಮ ಮನೆಯಲ್ಲೂ ಅಜ್ಜಿಗೆ ಆಯಿ ಅನ್ನುತ್ತಾರೆ. ಮೂಗುತಿ ನನ್ನದು, ಕೋಲು ನನ್ನದು, ಬೈಗುಳವೂ ನನ್ನದೇ. ಬಾಯಿ ಮಾತ್ರ ಬೋಳು ಮಾಡಿದ್ದೀರಿ. ನನಗೆ ಇನ್ನೂ ಆರು ಹಲ್ಲು ಇವೆ.

ಇವರು ರಾಜನ ಕಡೆಯವರು. ಎದುರಾಳಿ ಯಾರು? ಕರಿಮೋಡ ದೊರೆ, ರಾಜನ ಸ್ವಂತ ಅಣ್ಣ. ತಲೆಗೆ ಕೊಂಬು, ಗುಂಗುರು ಮೀಸೆ, ಎಡಹುಬ್ಬಿನ ಮೇಲೆ ಸೀಳು. ಆ ಸೀಳು ನನ್ನ ದೊಡ್ಡ ಮೊಮ್ಮಗ ದೇವಿಂದ್ರಪ್ಪನದು. ಕಲ್ಲಿನ ಚೂರು ಸಿಡಿದು ಆದದ್ದು, ಅರಿಷಿಣ ಒತ್ತಿದವಳು ನಾನು.

ಈಗ ಕೇಳಿ. ನನಗೆ ಇಬ್ಬರು ಮೊಮ್ಮಕ್ಕಳು. ತಾಯಿ ತಂದೆ ಇಲ್ಲದ ಸಣ್ಣವನನ್ನು ದೊಡ್ಡವನೇ ಹೆಗಲ ಮೇಲೆ ಹೊತ್ತು ಬೆಳೆಸಿದ. ದೊಡ್ಡವನು ಶಹಾಬಾದಿನ ಖಣಿಯಲ್ಲಿ ಫರಸಿ ಸೀಳುತ್ತಿದ್ದ. ಸಣ್ಣವನು ನರಸಪ್ಪ, ಗೋಡೆ ಕಂಡರೆ ಗೋಡೆ, ಕಲ್ಲು ಕಂಡರೆ ಕಲ್ಲು, ಚಿತ್ರ ಬರೆಯುವುದೇ ಅವನ ರೋಗ. ಶಿವರಾತ್ರಿಯ ಸುಮಾರಿಗೆ ಖಣಿಯಲ್ಲಿ ಇಬ್ಬರಿಗೂ ಜಗಳ ಆಯಿತು. ಎಲ್ಲರೂ ಕೇಳುವ ಹಾಗೆ ದೊಡ್ಡವನು, "ಇವತ್ತಿಗೆ ನೀ ನನ್ನ ಪಾಲಿಗೆ ಸತ್ತಿ" ಅಂದ. ಅಂದು, ತಮ್ಮನನ್ನು ಖಣಿಯ ನೀರಿಗೆ ನೂಕಿದ. ಸಣ್ಣವನು ಮನೆಗೆ ಬರಲಿಲ್ಲ. ಖಣಿಯ ನೀರು ಕಾಲುವೆ ಹಿಡಿದು ಕಾಗಿಣಾ ಹೊಳೆಗೆ ಕೂಡುತ್ತದೆ. ಕೆಲವು ದಿನದ ಮೇಲೆ ಶಹಾಬಾದಿನ ಕೆಳಗೆ ಆ ಹೊಳೆಯಲ್ಲಿ ಒಂದು ಹೆಣ ತೇಲಿತು. ತಲೆ ಒಡೆದಿತ್ತು, ಮುಖ ಮೀನು ತಿಂದಿದ್ದವು, ಮೈ ಮೇಲೆ ನರಸಪ್ಪನ ಅಂಗಿ. ಅಂಗಿ ನೋಡಿ ದೊಡ್ಡವನೇ, "ನಮ್ಮ ತಮ್ಮಂದೇ ರೀ" ಅಂತ ನೆಲಕ್ಕೆ ಕುಸಿದ. "ನೂಕಿದ್ದು ಖರೇ ಏನು?" ಅಂತ ಪೊಲೀಸರು ಕೇಳಿದರೆ, "ಖರೇ ರೀ" ಅಂದ. ಸುಳ್ಳು ಬರದ ಹೆಡ್ಡ. ಹಿಡಿದುಕೊಂಡು ಹೋದರು. ಡಿಸೆಂಬರಿನಲ್ಲಿ ಗುಲ್ಬರ್ಗದ ಕೋರ್ಟಿನಲ್ಲಿ ಖೂನಿ ಕೇಸು. ಗಲ್ಲು, ಇಲ್ಲವೆ ಸಾಯುವ ತನಕ ಜೇಲು ಅನ್ನುತ್ತಾರೆ ವಕೀಲ ಶರಣಬಸಪ್ಪನವರು.

ನೀವು ಬೇರೆ ಯಾರೋ ಆಗಿದ್ದರೆ ಮುದುಕಿಗೆ ಅರಳುಮರಳು ಅಂತ ಈ ಕಾಗದ ಹರಿದುಹಾಕಿ. ನರಸಪ್ಪನೇ ಆಗಿದ್ದರೆ, ಲೇ, ಎದ್ದು ಬಾ. ಬಂದು ಮುಖ ತೋರಿಸು. ನಿನ್ನ ಅಣ್ಣನ ಕೊರಳು ನಿನ್ನ ಮುಖದ ಮೇಲೆ ನಿಂತಿದೆ.

ಗುಂಡಮ್ಮ

•

'ಪುಟ್ಟಬಂಡಿ' ಕಚೇರಿಯ ಮೂಲಕ
೨೫ ಆಗಸ್ಟ್ ೧೯೭೪

ಪೂಜ್ಯ ಮಾತೃಶ್ರೀಯವರಿಗೆ,

ತಮ್ಮ ಪತ್ರವನ್ನು ಪತ್ರಿಕೆಯವರು ನನಗೆ ತಲುಪಿಸಿದ್ದಾರೆ. ತಮ್ಮ ಕುಟುಂಬಕ್ಕೆ ಒದಗಿದ ದುಃಖವನ್ನು ಓದಿ ಮನಸ್ಸಿಗೆ ಬಹಳ ನೋವಾಯಿತು. ಆದರೆ ತಾವು ತಪ್ಪು ತಿಳಿದಿದ್ದೀರಿ. ನಾನು ಹುಬ್ಬಳ್ಳಿಯವನು. ತಮ್ಮ ಕಡೆಯ ಊರುಗಳನ್ನು ನೋಡಿದವನಲ್ಲ. ಕಲ್ಮೈ ರಾಜನೂ ಅವನ ಮಿತ್ರರೂ ಶತ್ರುಗಳೂ ಕೇವಲ ಕಲ್ಪನೆ. ಕೊಂಬು ಮುರಿದ ಎಮ್ಮೆಗಳು ಎಲ್ಲ ಊರುಗಳಲ್ಲಿಯೂ ಇರುತ್ತವೆ.

ತಮ್ಮ ಹಿರಿಯ ಮೊಮ್ಮಗನು ನೂಕಿದ್ದು ನಿಜವೆಂದು ತಾನೇ ಒಪ್ಪಿಕೊಂಡಿರುವುದಾಗಿ ಬರೆದಿದ್ದೀರಿ. ಹಾಗಿದ್ದಲ್ಲಿ ನ್ಯಾಯವು ತನ್ನ ದಾರಿಯಲ್ಲಿ ನಡೆಯುವುದೇ ಲೇಸು. ಕಥೆಗಳಲ್ಲಿಯೂ ಹಾಗೆಯೇ ಅಲ್ಲವೇ.

ಮಳೆಗಾಲದಲ್ಲಿ ತಮ್ಮ ಎಡಮೊಣಕಾಲಿನ ನೋವು ಹೆಚ್ಚಾಗದಂತೆ ನೋಡಿಕೊಳ್ಳಿ.

ಇಂತು ತಮ್ಮ ವಿಶ್ವಾಸಿ,
ಚಿತ್ರಕಾರ

•

ದಂಡೋತಿ
೮ ಸೆಪ್ಟೆಂಬರ್ ೧೯೭೪

ಹುಬ್ಬಳ್ಳಿಯ ಚಿತ್ರಕಾರರೇ,

ನನ್ನ ಎಡಮೊಣಕಾಲಿನ ಸುದ್ದಿ ಹುಬ್ಬಳ್ಳಿಯ ತನಕ ಹೋಗಿದೆಯೇ? ನನ್ನ ಕಾಗದದಲ್ಲಿ ಕಾಲು ಎಲ್ಲೂ ಇರಲಿಲ್ಲ. ದೊಡ್ಡ ಮೊಮ್ಮಗನ ಹೆಂಡತಿ ಅಮೃತಮ್ಮನ ಕೈಯಲ್ಲಿ ನಾನು ಇಟ್ಟುಕೊಂಡ ಕರಡು ಮತ್ತೆ ಓದಿಸಿ ಕೇಳಿದೆ. ಹಲ್ಲು ಇತ್ತು, ಕಾಲು ಇರಲಿಲ್ಲ.

ಲೇ ನರಸ್ಯಾ, ನೀನು ಬದುಕಿದ್ದೀ ಅಂತ ತಿಳಿದ ದಿನ ಅಳಬೇಕಿತ್ತು ನಾನು. ಅಳಲಿಲ್ಲ. ಎಮ್ಮೆಯ ಹತ್ತಿರ ಹೋಗಿ ಅದರ ಕಿವಿಯಲ್ಲಿ ಹೇಳಿ ಬಂದೆ. ಊರಿಗೆ ಹೇಳಿದರೆ ಮುದುಕಿಗೆ ದೆವ್ವ ಮೆಟ್ಟಿದೆ ಅನ್ನುತ್ತಾರೆ. ನಿನಗೆ ಮಣ್ಣು ಕೊಟ್ಟಾಗಿದೆ, ದಿನ ಮಾಡಿ ಊರಿಗೆ ಉಣ್ಣಿಸಿಯಾಗಿದೆ. ನೆರೆಮನೆಯ ಹಣಮಂತರಾಯ ನಿನ್ನ ಹೆಸರಿನ ಹೋಳಿಗೆ ಮೂರು ಸಲ ಕೇಳಿ ಹಾಕಿಸಿಕೊಂಡ.

ಒಂದೇ ಗಂಟು ಬಿಚ್ಚುತ್ತಿಲ್ಲ. ಅಂಗಿ. ಎಡ ಬಗಲು ಹರಿದಾಗ ನಾನು ಕೌದಿಯ ದಾರದಲ್ಲಿ ಹೊಲಿದ ಅಂಗಿ ಅದು. ಆ ಹೊಲಿಗೆ ಹೆಣದ ಮೇಲೆ ಇತ್ತು. ನೀನು ಅಲ್ಲಿ ಬದುಕಿದ್ದು ಅದು ಇಲ್ಲಿ ಹೆಣದ ಮೇಲೆ ಹೇಗೆ ಬಂತು? "ಅಂಗಿ ಯಾರೋ ತೊಟ್ಟಿರಬಹುದು" ಅಂತ ನಾನು ಊರ ಕಟ್ಟೆಯಲ್ಲಿ ಅಂದರೆ ಎಲ್ಲರೂ ನಕ್ಕರು. "ಮಂದಿ ಅಂಗಿ ಯಾರು ತೊಡತಾರ ಬೇ ಆಯಿ? ಕದ್ದಿದ್ರ ಕದ್ದಾಂವ ಎಲ್ಲಿ? ಹೊಳಿದಂಡ್ಯಾಗ ಬಿಟ್ಟಿದ್ರ ಅದನ್ನ ನಾಯಿ ಸೈತ ಮೂಸಂಗಿಲ್ಲ" ಅಂದರು. ಅವರ ಮಾತೂ ಖರೆ. ಕೆಟ್ಟ ಕಾಲ ಕಳೆಯಲಿ ಅಂತ ಹೊಳೆಯಲ್ಲಿ ಮಿಂದು, ಮೈಮೇಲಿನ ಬಟ್ಟೆ ದಂಡೆಯಲ್ಲಿ ಬಿಟ್ಟು, ಹಿಂದೆ ನೋಡದೆ ಬರುವವರು ನಾವು. ಬಿಟ್ಟ ಬಟ್ಟೆಯಲ್ಲಿ ಬಿಟ್ಟವನ ಪೀಡೆ ಇರುತ್ತದೆ. ಮುಟ್ಟಿದವನಿಗೆ ಹತ್ತುತ್ತದೆ. ನಮ್ಮ ಸೀಮೆಯಲ್ಲಿ ಅದನ್ನು ತೊಡುವ ಎದೆ ಯಾರಿಗೂ ಇಲ್ಲ. ಅದಕ್ಕೇ ಎಲ್ಲರೂ ಅಂಗಿ ಇದ್ದಲ್ಲಿ ನರಸಪ್ಪ ಅಂತ ತೀರ್ಮಾನ ಮಾಡಿದರು.

ಅಂಗಿ ಏನು ಮಾಡಿದಿ, ಬರೆ. ಬರೆಯದಿದ್ದರೂ ಸರಿ, ಬಾ.

ಅತ್ತಿಗೆ ಅಮೃತಮ್ಮ ಬಸುರಿ. ದೀಪಾವಳಿ ಕಳೆದ ಮೇಲೆ ಹಡೆಯುತ್ತಾಳೆ. ನೀನು ಹೋದಾಗ ಅವಳಿಗೇ ಗೊತ್ತಿರಲಿಲ್ಲ, ನಿನಗೆ ಎಲ್ಲಿಂದ ಗೊತ್ತಾಗಬೇಕು. ಈಗ ಗೊತ್ತಾಯಿತಲ್ಲ.

ನಿನ್ನ ಆಯಿ

•

ದಂಡೋತಿ
೬ ಅಕ್ಟೋಬರ್ ೧೯೭೪

ನರಸಪ್ಪನಿಗೆ,

ಉತ್ತರ ಬರಲಿಲ್ಲ. ಆದರೆ ಎರಡು ವಾರದ ಹಿಂದೆ ರಶೀದಾ ಹೊಸ 'ಪುಟ್ಟಬಂಡಿ' ಹಿಡಿದುಕೊಂಡು ವಾಡಿಯಿಂದ ಬಂದಳು. "ಅಕ್ಕಾ, ನಿನಗ ಹಲ್ಲು ಬಂದಾವ ನೋಡು" ಅಂದಳು. ಎಣಿಸಿದೆವು. ಕೋಲಿನ ಮುದುಕಿಯ ಬಾಯಲ್ಲಿ ಆರು ಹಲ್ಲು. ಮೇಲೆ ಎರಡು, ಕೆಳಗೆ ನಾಲ್ಕು, ಇದ್ದ ಹಾಗೇ.

ನನ್ನ ಹಲ್ಲಿಗೆ ನ್ಯಾಯ ಮಾಡಿದಿ. ಅಣ್ಣನಿಗೆ ಏನು ಮಾಡಿದಿ? ಅದೇ ಪುಟದ ಕೆಳಗೆ ಕರಿಮೋಡ ದೊರೆಗೆ ಸಂಕೋಲೆ ಹಾಕಿ ಗವಿಗೆ ತಳ್ಳಿದ್ದೀ. 'ಇನ್ನು ಇವನು ಬೆಳಕು ಕಾಣಬಾರದು' ಅನ್ನುತ್ತಾನೆ ನಿನ್ನ ರಾಜ. ಕೋಲಿನ ಮುದುಕಿ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾಳೆ. ನಾನು ತಟ್ಟಲಿಲ್ಲ. ಬರೆದವನು ನೀನು. ಇನ್ನೊಮ್ಮೆ ನನ್ನ ಕೈ ತಟ್ಟಿಸಿದರೆ ಹಲ್ಲು ವಾಪಸ್ ತೆಗೆದುಕೋ.

ಆ ಕಾಗದ ಮಡಚಿಕೊಂಡು ಜೇಲಿಗೆ ಹೋದೆ. ಜಾಳಿಗೆಯ ಆಚೆ ದೇವಿಂದ್ರ ನಿಂತಿದ್ದ. ಗಡ್ಡ ಬಿಟ್ಟಿದ್ದಾನೆ, ಮೈ ಇಳಿದಿದೆ. ಚಿತ್ರ ತೋರಿಸಿದೆ. ಭಾಳ ಹೊತ್ತು ನೋಡಿದ. ಆಮೇಲೆ, "ಮೀಸಿ ಛಂದ ತಗದಾನ" ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ. "ಆಯಿ, ಇದು ನಮ್ಮ ನರಸನದಲ್ಲ. ಯಾರಿಗೂ ತೋರಿಸಬ್ಯಾಡ."

"ನಿನ್ನ ಹುಬ್ಬು ಅದಲ್ಲೋ ಇದರಾಗ?"

"ಇರಲಿ ಬಿಡು."

"ಅಂವ ಬಂದ್ರ ನೀ ಹೊರಗ ಬರತೀ."

"ನಾ ಅಂವಗ ಹಿಂಗ ಕಾಣತೀನಿ ಅಂದ್ರ, ಅಂವ ಬರೋದೇ ಬ್ಯಾಡ" ಅಂದ. ಕೊಂಬಿನ ಮೇಲೆ ಬೆರಳು ಇಟ್ಟುಕೊಂಡೇ ಅಂದ. ಜಾಳಿಗೆಯಲ್ಲಿ ಬೆರಳು ಒಂದೇ ತೂರುತ್ತದೆ, ಕೈ ತೂರುವುದಿಲ್ಲ.

ವಕೀಲರ ಹತ್ತಿರವೂ ಹೋದೆ. "ಚಿತ್ರ ಬಂದು ಕಟಕಟ್ಯಾಗ ನಿಂದ್ರತದೇನಮ್ಮಾ? ಮನಿಷಾ ಬೇಕು" ಅಂದರು. ಪತ್ರಿಕೆಗೆ ಬರೆದು ಕೇಳಿದರು. ಚಿತ್ರ ಟಪಾಲಿನಲ್ಲಿ ಬರುತ್ತವೆ, ಕಾಗದ ಬಂದರೆ ಒಬ್ಬ ಡ್ರೈವರ್ ಒಯ್ದು ಮುಟ್ಟಿಸುತ್ತಾನೆ, ಬರೆಯುವವನ ಮುಖ ನಾವು ನೋಡಿಲ್ಲ ಅಂತ ಉತ್ತರ ಬಂತು. ಪೊಲೀಸರನ್ನು ಹಚ್ಚಿ ಹುಡುಕಿಸಲೇ ಅಂದರು ವಕೀಲರು. ಬೇಡ ಅಂದೆ. ಬೂಟಿನ ಸಪ್ಪಳ ಕೇಳಿದರೆ ನೀನು ಇನ್ನೊಂದು ಊರಿಗೆ ಓಡುತ್ತೀ. ಅಲ್ಲಿಗೆ ನನ್ನ ಕಾಗದ ಮುಟ್ಟುವುದಿಲ್ಲ.

ಬಾರೋ.

ಆಯಿ

•

೨೭ ಅಕ್ಟೋಬರ್ ೧೯೭೪

ಆಯಿ,

ಸಾಕು. ಇನ್ನು ಬರೆಯಬೇಡ.

ಅಣ್ಣ ನನ್ನನ್ನು ನೂಕಿದ. ಸಿಟ್ಟಿನಲ್ಲಿ ಕೈ ತಾಗಿದ್ದಲ್ಲ. ಎರಡೂ ಕೈ ಎದೆಗೆ ಇಟ್ಟು, ಕಣ್ಣಲ್ಲಿ ಕಣ್ಣಿಟ್ಟು ನೂಕಿದ. ನಾನು ಬೀಳುವಾಗ ಅವನ ಮುಖ ನೋಡಿದೆ. ಆ ಮುಖವನ್ನೇ ಪ್ರತಿ ವಾರ ಬರೆಯುತ್ತೇನೆ. ಕೊಂಬು ನಾನು ಇಟ್ಟಿದ್ದು, ಉಳಿದದ್ದು ಇದ್ದದ್ದೇ. ನೀರಿನಲ್ಲಿ ಮುಳುಗಿದಾಗ ಮೇಲಿನಿಂದ ಕಲ್ಲು ಬಿದ್ದ ಸಪ್ಪಳ ಕೇಳಿದೆ. ನನ್ನ ಮೇಲೆ ಫರಸಿ ಉರುಳಿಸಿದ, ಆಯಿ. ನಾನು ಆಚೆ ದಂಡೆಗೆ ಹತ್ತಿ ಓಡಿದೆ. ಸಾಯಲಿಲ್ಲ ಎಂಬುದು ನನ್ನ ದೈವ. ಅವನ ಒಳ್ಳೆಯತನ ಅಲ್ಲ.

ಹೆಣ ಯಾರದೋ ನನಗೆ ಗೊತ್ತಿಲ್ಲ. ಕೊಲ್ಲಲು ಕೈ ಎತ್ತಿದವನು ಒಳಗಿದ್ದಾನೆ. ಇರಲಿ.

ನ.

•

ದಂಡೋತಿ
೩ ನವೆಂಬರ್ ೧೯೭೪

ನರಸಪ್ಪಾ,

ನಿನ್ನ ಕಾಗದ ಓದಿದ ಮರುದಿನವೇ ಜೇಲಿಗೆ ಹೋದೆ. ಚಿತ್ರದ ಮಾತು ತೆಗೆಯಲಿಲ್ಲ, ನಿನ್ನ ಹೆಸರೂ ತೆಗೆಯಲಿಲ್ಲ. "ಲೇ ದೇವಿಂದ್ರ, ನಿನ್ನ ಬಲಗಾಲಿನ ಬೆರಳು ಯಾವತ್ತು ಹೋದವು?" ಅಂತ ಕೇಳಿದೆ.

ನಿನಗೆ ಗೊತ್ತಿಲ್ಲ ಇದು. ನೀನು ಇಲ್ಲವಾದ ಆ ಸಂಜೆ ಅವನು ಕುಂಟುತ್ತ ಮನೆಗೆ ಬಂದಿದ್ದ. ಬಲಗಾಲಿಗೆ ಅರಿವೆ ಸುತ್ತಿತ್ತು. ಕಲ್ಲು ಬಿತ್ತು ಅಂದ. ಎರಡು ಬೆರಳು ಜಜ್ಜಿ ಹಿಟ್ಟಾಗಿದ್ದವು, ದವಾಖಾನೆಯಲ್ಲಿ ತೆಗೆದರು. ನೀನು ಕಾಣೆಯಾದ ಗದ್ದಲದಲ್ಲಿ ನಾನು ಮತ್ತೆ ಕೇಳಲಿಲ್ಲ. ಖಣಿಯಲ್ಲಿ ದುಡಿಯುವವರ ಕಾಲ ಮೇಲೆ ಕಲ್ಲು ಬೀಳುವುದು ಏನು ಹೊಸದು.

ಅವನು ಕಾಲು ಹಿಂದೆ ಸರಿಸಿಕೊಂಡ. ನಾನು ಜಾಳಿಗೆಗೆ ಹಣೆ ಇಟ್ಟು ನಿಂತೆ. ಹೇಳುವ ತನಕ ಹೋಗುವುದಿಲ್ಲ, ನಿಮ್ಮ ಜೇಲಿನ ಬಾಗಿಲಲ್ಲೇ ಸಾಯುತ್ತೇನೆ ಅಂದೆ. ಆಗ ಹೇಳಿದ.

"ಫರಸಿ ಒಂದಕ್ಕೊಂದು ಒರಗಿಸಿ ನಿಂದ್ರಸಿದ್ವಿ ಆಯಿ. ಮುಂದ ಒಂದು ಆಸರಿ ಕಲ್ಲು ಇರತದ. ಅದು ತಗದ್ರ ಸಾಲಿಗೆ ಸಾಲೇ ಬೀಳತದ. ಅಂವ ಡಾಂಬರದಾಗ ರಾಜನ ಚಿತ್ರ ಬರೀಲಿಕ್ಕೆ ಮುಂದಿನ ಫರಸಿ ಬೇಕಂತ ಆಸರಿ ಕಲ್ಲು ಸರಿಸಿದ್ದ. ನನಗ ಗೊತ್ತಿಲ್ಲ. ಲಾರಿಗೆ ಏರಿಸೋ ಕಲ್ಲಿನ ಮ್ಯಾಲ ಬರದಾನಂತ ನಾ ಬೈಲಿಕತ್ತೀನಿ. ಬಾಯಿಗೆ ಬಂದದ್ದು ಅಂದೆ. ಅಷ್ಟರಾಗ ಅವನ ಬೆನ್ನ ಹಿಂದ ಸಾಲು ಅಳ್ಳಾಡಿದ್ದು ಕಂಡೆ. ಅಂವಗ ಕಾಣಲಿಲ್ಲ, ದೂರ ಲಾರಿ ಹತ್ರ ಇದ್ದವರಿಗೂ ಕಾಣಲಿಲ್ಲ. ಎತ್ತ ನೂಕಲಿ? ಒಂದು ಕಡಿ ಕಲ್ಲು, ಒಂದು ಕಡಿ ನೀರು. ನೀರಿಗೆ ನೂಕಿದೆ. ಕಲ್ಲಿನ ಕೆಳಗ ನನ್ನ ಕಾಲು ಸಿಕ್ಕಿತು, ಬಿಡಿಸಿಕೊಂಡು ನೋಡೂದ್ರಾಗ ಅಂವ ಕಾಣಲಿಲ್ಲ."

"ಇದನ್ನ ಪೊಲೀಸರಿಗೆ ಯಾಕ ಹೇಳಲಿಲ್ಲೋ ಮೂಳಾ?"

"ನೀರಾಗೇ ಸತ್ತಾನಂತ ಅವಾಗ ತಿಳದಿದ್ದೆ ಆಯಿ. ಸತ್ತವನ ಮುಂದ ನಿಂತು, ಉಳಸಾಕ ನೂಕಿದೆ ಅಂತ ಹ್ಯಾಂಗ ಹೇಳಲಿ?"

ಕೇಳಿದಿಯಾ? ನಿನ್ನ ಹಿಂದೆ ಕಲ್ಲು ಉರುಳಿಸಿದವನಲ್ಲ ಅವನು. ನಿನ್ನ ಮೇಲೆ ಬರುವ ಕಲ್ಲಿಗೆ ಕಾಲು ಕೊಟ್ಟವನು. ಬೀಳುವಾಗ ನೀನು ಕಂಡ ಮುಖ ಕೊಲ್ಲುವವನ ಮುಖ ಅಲ್ಲ, ಹೆದರಿದವನ ಮುಖ. ಇಷ್ಟು ಚಿತ್ರ ಬರೆಯುತ್ತೀ, ಅಂಜಿಕೆಗೂ ಸಿಟ್ಟಿಗೂ ಹುಬ್ಬು ಒಂದೇ ಥರ ಗಂಟಿಕ್ಕುತ್ತದೆ ಅಂತ ನಿನಗೆ ತಿಳಿಯಲಿಲ್ಲವೇ?

ಇನ್ನೊಂದು. ಕಲ್ಮೈ ರಾಜ ನಿನ್ನವನಲ್ಲ. ನಿನಗೆ ಸಿಡುಬು ಎದ್ದಾಗ ಮೈಯೆಲ್ಲ ಕೆರೆದುಕೊಂಡು ಅಳುತ್ತಿದ್ದಿ. "ಅಳಬ್ಯಾಡ, ನೀ ಕಲ್ಲಿನ ಮೈ ರಾಜ ಇದ್ದಿ, ಅತ್ತರ ಮೈ ಮಣ್ಣಾಗತದ" ಅಂತ ದೇವಿಂದ್ರ ಕೈ ಹಿಡಿದು ಕೂತು ಕಥೆ ಕಟ್ಟುತ್ತಿದ್ದ. ಎಮ್ಮೆ ಹಾರಿಸಿದವನೂ ಅವನೇ. ರಾಜನನ್ನು ಹುಟ್ಟಿಸಿದವನಿಗೇ ಕೊಂಬು ಇಟ್ಟೆಯಲ್ಲೋ.

ಕೇಸು ಡಿಸೆಂಬರ್ ಹನ್ನೊಂದಕ್ಕೆ. ವಕೀಲರಿಗೆ ಬೆರಳಿನ ಮಾತು ಹೇಳಿದೆ. ಈಗ ಹೇಳಿದರೆ ಕಟ್ಟುಕಥೆ ಅನ್ನುತ್ತಾರೆ, ಹೆಣ ಎದ್ದು ಬಂದರೆ ಮಾತ್ರ ಕೇಸು ಬೀಳುತ್ತದೆ ಅಂದರು.

ಹೆಣಾ, ಎದ್ದು ಬಾ.

ಆಯಿ

•

ದಂಡೋತಿ
೨೪ ನವೆಂಬರ್ ೧೯೭೪

ನರಸಪ್ಪಾ,

ಎರಡು ವಾರದಿಂದ 'ಪುಟ್ಟಬಂಡಿ'ಯಲ್ಲಿ ರಾಜ ಇಲ್ಲ. ಅವನ ಜಾಗದಲ್ಲಿ ಮೊಲದ ಕಥೆ ಹಾಕಿದ್ದಾರೆ. ರಶೀದಾ ಪುಟ ತಿರುವಿ ತಿರುವಿ ನೋಡಿ, "ನಿನ್ನ ಮೊಮ್ಮಗ ಮತ್ತ ಸತ್ತನೇನ ಅಕ್ಕಾ?" ಅಂದಳು. ಅವಳಿಗೆ ಬೈದೆ. ಬೈದು ಇಬ್ಬರೂ ಕೂತು ಅತ್ತೆವು. ಅಳುತ್ತಲೂ ಅವಳು ಶೇಂಗಾ ಸುಲಿಯುತ್ತಿದ್ದಳು, ರೈಲು ಬರುವ ಹೊತ್ತಾಗಿತ್ತು.

ಅಮೃತಮ್ಮ ಹಡೆದಳು. ಹೆಣ್ಣು. ಹುಬ್ಬು ಅಪ್ಪನದು. ಅಪ್ಪನಿಗೆ ತೋರಿಸಲು ಬಾಣಂತಿಯನ್ನು ಜೇಲಿಗೆ ಹೇಗೆ ಒಯ್ಯಲಿ? ಕೂಸಿನ ಕೂದಲು ಒಂದಿಷ್ಟು ಕತ್ತರಿಸಿ ಅರಿವೆಯಲ್ಲಿ ಕಟ್ಟಿ ಒಯ್ದೆ. ಜಾಳಿಗೆಯಲ್ಲಿ ತೂರಿತು. ಅವನು ಮೂಸಿ ನೋಡಿದ.

ನನಗೆ ಬೈಗುಳ ಮುಗಿದಿವೆ, ನರಸಪ್ಪ. ಹುಟ್ಟಿದಾಗಿನಿಂದ ಮುಗಿದಿರಲಿಲ್ಲ, ಈಗ ಮುಗಿದವು. ಸಿಟ್ಟು ಇದ್ದರೆ ಬಂದು ನನಗೆ ಬೈ. ನಂಬಿಕೆ ಇಲ್ಲದಿದ್ದರೆ ಬಂದು ಅವನ ಕಾಲು ನೋಡು, ನೋಡಿ ಹೋಗು. ಕಾಲು ಸುಳ್ಳು ಹೇಳುವುದಿಲ್ಲ. ನನ್ನ ಮೊಣಕಾಲಿನ ಮೇಲೆ ಇರುವ ಕರುಣೆಯಲ್ಲಿ ಅರ್ಧ ಅವನ ಬೆರಳಿನ ಮೇಲೆ ಇಡು.

ಆಯಿ

•

ಚಿಂಚೋಳಿ
೩೦ ನವೆಂಬರ್ ೧೯೭೪

ಆಯಿ,

ಮೇಲೆ ಊರಿನ ಹೆಸರು ಓದಿದಿಯಾ? ನಾನು ಹುಬ್ಬಳ್ಳಿ ನೋಡಿಯೇ ಇಲ್ಲ. ಚಿಂಚೋಳಿಯಲ್ಲಿ ಲಾರಿಗಳ ಹಿಂದೆ ಹೂವು, ಹುಲಿ, ಮಾಲಕರ ಹೆಸರು ಬರೆಯುತ್ತೇನೆ. ಬಾಬುಮಿಯಾ ಅಂತ ಒಬ್ಬ ಡ್ರೈವರ್ ಹುಬ್ಬಳ್ಳಿಗೆ ಹೋಗುವಾಗ ಚಿತ್ರ ಒಯ್ದು ಅಲ್ಲಿಯ ಟಪಾಲಿಗೆ ಹಾಕುತ್ತಾನೆ, ನನ್ನ ಕಾಗದ ತರುತ್ತಾನೆ. ನೀನು ದೂರದ ಹುಬ್ಬಳ್ಳಿಗೆ ಬರೆಯುತ್ತಿದ್ದಿ. ನಾನು ಒಂದು ದಿನದ ದಾರಿಯಲ್ಲಿದ್ದೆ.

ಬೆರಳಿನ ಕಾಗದ ಬಂದ ದಿನದಿಂದ ಕುಂಚ ಹಿಡಿದಿಲ್ಲ. ಆಸರೆ ಕಲ್ಲು ನಾನೇ ಸರಿಸಿದ್ದೆ. ಸರಿಸಿದ್ದು ಮರೆತೇ ಹೋಗಿತ್ತು. ಓದಿದ ಕೂಡಲೆ ಅದರ ತೂಕ ಕೈಗೆ ಬಂತು.

ಅವತ್ತೇ ಹೊರಟೆ, ಆಯಿ. ಸೇಡಮಿನ ತನಕ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಚಿತ್ತಾಪುರದ ಕಡೆಯವರು ಇಬ್ಬರು ಕೂತು ಅಣ್ಣನ ಕೇಸಿನ ಮಾತೇ ಆಡುತ್ತಿದ್ದರು. "ಒಡಹುಟ್ಟಿದವನ್ನ ಕೊಂದ ಕೈಗೆ ಹುಳ ಬೀಳಲಿ" ಅಂದ ಒಬ್ಬ. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದೆ. 'ನಾನೇ ರೀ ಆ ತಮ್ಮ' ಅನ್ನಲು ಬಾಯಿ ತೆರೆದೆ, ಚಹಾ ಕುಡಿದೆ. ಮುಂದೆ ಕೇಳುತ್ತಾರಲ್ಲ, 'ಇಷ್ಟು ದಿನ ಎಲ್ಲಿದ್ದಿ, ನಿನ್ನ ಅಣ್ಣ ಕೊಳೆಯುವಾಗ ಏನು ಮಾಡುತ್ತಿದ್ದಿ?' ಅವನಿಗೆ ಕೊಂಬು ಬರೆಯುತ್ತಿದ್ದೆ ಅನ್ನಲೇ? ಚಿಂಚೋಳಿಯ ಬಸ್ಸು ನಿಂತಿತ್ತು, ಹತ್ತಿ ವಾಪಸ್ ಬಂದೆ.

ಅಂಗಿಯ ಮಾತು ಕೇಳಿದ್ದಿ. ನೀರಿನಿಂದ ಎದ್ದು ಓಡಿ ಹೊಳೆಗೆ ಬಂದೆ. ನೀ ಕಲಿಸಿದ ಹಾಗೇ ಮಾಡಿದೆ. ಮಿಂದೆ, ಅಂಗಿ ದಂಡೆಯ ಮೇಲೆ ಬಿಟ್ಟೆ, ಹೆಗಲಿಗಿದ್ದ ಚೀಲದೊಳಗಿನ ಇನ್ನೊಂದನ್ನು ಹಿಂಡಿ ತೊಟ್ಟೆ, ಹಿಂದೆ ನೋಡದೆ ವಾಡಿಯ ಹಾದಿ ಹಿಡಿದೆ. ಒಂದೇ ಸುಳ್ಳು, ಆಯಿ. ಹಿಂದೆ ನೋಡಿದೆ. ಮರದ ಕೆಳಗೆ ಒಬ್ಬ ಕೂತಿದ್ದ. ಪರದೇಶಿ, ನಮ್ಮ ಕಡೆಯವನಲ್ಲ, ಬರಿಮೈ. ಚಳಿಗೆ ನಡುಗುತ್ತಿದ್ದ. ಅವನು ಅಂಗಿ ಎತ್ತಿಕೊಂಡದ್ದು ಕಂಡೆ. 'ಬ್ಯಾಡ, ಪೀಡೆ ಅದ' ಅಂತ ಕೂಗಬೇಕಿತ್ತು. ಕೂಗಿದರೆ ಖಣಿಯವರಿಗೆ ಕೇಳುತ್ತದೆ ಅಂತ ಸುಮ್ಮನಾದೆ.

ಹನ್ನೊಂದಕ್ಕೆ ಬರುತ್ತೇನೆ ಅಂತ ಬರೆಯಲು ಅಂಜಿಕೆ. ಬರುವುದಿಲ್ಲ ಅಂತ ಬರೆಯಲೂ ಅಂಜಿಕೆ. ರಾಜ ಮಣ್ಣಾದ, ಆಯಿ. ಏನು ಮಾಡಲಿ?

ನರಸ

•

ದಂಡೋತಿ
೪ ಡಿಸೆಂಬರ್ ೧೯೭೪

ನರಸಪ್ಪಾ,

ಈ ಕಾಗದ ಟಪಾಲಿಗೆ ಹಾಕುತ್ತಿಲ್ಲ. ರಶೀದಾ ಅಂಗಡಿ ಮುಚ್ಚಿ, ತಾನೇ ಚಿಂಚೋಳಿಗೆ ತರುತ್ತಿದ್ದಾಳೆ. ಆ ಮೂಗು ನೋಡಿ ಗುರುತು ಹಿಡಿ.

ಏನು ಮಾಡಲಿ ಅಂತ ಕೇಳಿದ್ದೀ. ಮಣ್ಣಾಗಿದ್ದರೆ ಒಳ್ಳೆಯ ಸುದ್ದಿ. ಕಲ್ಲು ಇದ್ದಲ್ಲೇ ಇರುತ್ತದೆ, ಮಣ್ಣು ಮಳೆ ಬಂದರೆ ಮನೆಯ ತನಕ ಹರಿದು ಬರುತ್ತದೆ. ಮಂದಿ ಕೇಳುತ್ತಾರೆ, ಕೇಳಲಿ. ಉಗುಳುತ್ತಾರೆ, ಒರೆಸಿಕೋ. ನಿನ್ನ ಅಣ್ಣ ಮಾಡದ ಕೆಲಸಕ್ಕೆ ಹತ್ತು ತಿಂಗಳು ಒರೆಸಿಕೊಂಡಿದ್ದಾನೆ.

ಊರಿಗೆ ಮೊದಲು ಬರಬೇಡ. ನಿನಗೆ ಮಣ್ಣು ಕೊಟ್ಟಾಗಿದೆ. ಸತ್ತವನು ಹೊಸ್ತಿಲು ದಾಟಿ ಬರುವ ಹಾಗಿಲ್ಲ. ಹಿತ್ತಲಿಂದ ಕರೆದು, ತೊಟ್ಟಿಲಲ್ಲಿ ಹಾಕಿ, ಮತ್ತೆ ಹೆಸರು ಇಡಬೇಕು. ಕೂಸಿನ ತೊಟ್ಟಿಲು ಇದೆ. ನಿನ್ನ ಕಾಲು ಹೊರಗೆ ಚಾಚುತ್ತವೆ, ಚಾಚಲಿ. ಅದೆಲ್ಲ ಆಮೇಲೆ. ಮೊದಲು ಗುಲ್ಬರ್ಗದ ಕೋರ್ಟು. ರಶೀದಾ ನಿನ್ನ ಕೈ ಹಿಡಿದು ನಡೆಸುತ್ತಾಳೆ. ಬಿಡಿಸಿಕೊಂಡು ಓಡಿದರೆ ಸ್ಟೇಷನ್ ಕೇಳುವ ಹಾಗೆ ಬಾಯಿ ಮಾಡು ಅಂತ ಹೇಳಿ ಕಳಿಸಿದ್ದೇನೆ. ಅವಳ ಬಾಯಿ ನಿನಗೆ ಗೊತ್ತು, ರೈಲು ನಿಲ್ಲುತ್ತದೆ.

ಆಯಿ

•

ಗುಲ್ಬರ್ಗ
೧೧ ಡಿಸೆಂಬರ್ ೧೯೭೪

ಆಯಿ,

ಕೋರ್ಟಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ವಕೀಲರು ನನ್ನನ್ನು ಒಳಗೆ ಕರೆದರು. "ನೀನು ಯಾರು?" ಅಂತ ನ್ಯಾಯಾಧೀಶರು ಕೇಳಿದರು. "ಇಂವ ಕೊಂದಾನ ಅಂತೀರಲ್ಲ ರೀ, ಅದೇ ತಮ್ಮ ನಾನು" ಅಂದೆ. ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ನಾನು ಅಣ್ಣನ ಮುಖ ನೋಡಲಿಲ್ಲ, ಆಯಿ. ನೋಡಲು ಆಗಲಿಲ್ಲ. ಕಾಲು ನೋಡಿದೆ. ಬರಿಗಾಲಲ್ಲಿ ನಿಂತಿದ್ದ. ಬಲಗಾಲಿನಲ್ಲಿ ಮೂರೇ ಬೆರಳು.

ಮಾತಾಡಲು ಬಿಟ್ಟ ಸ್ವಲ್ಪ ಹೊತ್ತಿನಲ್ಲಿ ಅವನು ಕೇಳಿದ್ದು ಒಂದೇ. "ಈಜು ಬರತದಂತ ಗೊತ್ತಿತ್ತು. ಆದ್ರ ಅವತ್ತು ಭಾಳ ಥಂಡಿ ಇತ್ತು ನೀರು. ಜ್ವರ ಬಂತೇನು?"

"ಬಂತು ಅಣ್ಣಾ" ಅಂದೆ.

"ಮತ್ತ ಯಾರು ನೋಡಿಕೊಂಡ್ರು?"

ರಶೀದಾ ಖಾಲಾ ಅವನ ಕೈಗೆ ಶೇಂಗಾ ಕೊಟ್ಟಳು, ಪೊಲೀಸಿನವನಿಗೂ ಕೊಟ್ಟಳು.

ಇವತ್ತೇ ಬಿಡುವುದಿಲ್ಲವಂತೆ. ನಾನು ನಾನೇ ಅಂತ ಊರವರು ಬಂದು ಹೇಳಬೇಕು. ನೀನೂ ಹಣಮಂತರಾಯನೂ ಹದಿನಾರಕ್ಕೆ ಬರಬೇಕು. ಅಣ್ಣ ಮನೆಗೆ ಬರುತ್ತಾನೆ ಅಂತ ವಕೀಲರು ಅಂದರು. ನನ್ನನ್ನು ಇನ್ನೂ ಕೇಳುವುದಿದೆಯಂತೆ. ಹಾಗಾದರೆ ಆ ಹೆಣ ಯಾರದು ಅಂತ ಕೇಳಿದರು. ಮರದ ಕೆಳಗಿನವನ ಮಾತು ಹೇಳಿದೆ. "ಹೆಸರೇನು? ಯಾವ ಊರು? ಮುಖ ಹೇಗಿತ್ತು?" ಅಂದರು. ನನಗೆ ಬೆನ್ನು ಮಾತ್ರ ನೆನಪಿದೆ.

ನರಸ

•

ದಂಡೋತಿ
೨೨ ಡಿಸೆಂಬರ್ ೧೯೭೪

ನರಸಪ್ಪಾ,

ಹೆಣದ ಮಾತು ಮುಗಿಯುವ ತನಕ ನಿನ್ನನ್ನು ಗುಲ್ಬರ್ಗದಲ್ಲೇ ಇರು ಅಂದಿದ್ದಾರೆ ಅಂತ ನಿನ್ನ ಅಣ್ಣ ಹೇಳಿದ. ಇರು. ಕೇಳಿದ್ದಕ್ಕೆ ಖರೆ ಹೇಳು. ತೊಟ್ಟಿಲು ಕಾದಿರುತ್ತದೆ.

ದೇವಿಂದ್ರ ಮೊನ್ನೆ ಮನೆಗೆ ಬಂದ. ಕೂಸನ್ನು ಮಡಿಲಿಗೆ ಹಾಕಿದರೆ ಹಿಡಿಯಲು ಅಂಜಿದ. ಹಣಮಂತರಾಯ ಕೋರ್ಟಿನಲ್ಲಿ ನಿನ್ನ ಗುರುತು ಹೇಳಿ ಬಂದು, "ದಿನದ ಊಟ ವಾಪಸ್ ಕೊಡಬೇಕೇನವ್ವಾ?" ಅಂದ. ನಕ್ಕೆ. ನಗೆ ಬಂತು, ಏನು ಮಾಡಲಿ. ಬೈಗುಳವೂ ಬಂತು.

ನಗೆ ನಿಂತ ಮೇಲೆ ನಿನ್ನ ಗೋರಿಗೆ ಹೋದೆ. ನೀನು ಇಲ್ಲ ಅಲ್ಲಿ. ಆದರೂ ಒಬ್ಬ ಇದ್ದಾನೆ. ಬಂಡೆಯ ಮೇಲೆ ಜಾರಿ ಬಿದ್ದನೋ, ಯಾರಾದರೂ ಹೊಡೆದರೋ, ನಮ್ಮ ಪೀಡೆ ತೊಟ್ಟು ಸತ್ತ. ಅವನಿಗೆ ಅದು ಪೀಡೆ ಅಲ್ಲ, ಅಂಗಿ. ನಾವು ಅವನಿಗಾಗಿ ಅತ್ತೆವು, ಉಣ್ಣಿಸಿದೆವು, ನಿನ್ನ ಹೆಸರಿನಲ್ಲಿ. ಈಗ ನೀನು ಹೆಸರು ವಾಪಸ್ ತೆಗೆದುಕೊಂಡಿ. ಅವನಿಗೆ ಏನು ಉಳಿಯಿತು? ಎಲ್ಲೋ ಒಂದು ಊರಿನಲ್ಲಿ ಒಬ್ಬ ಮುದುಕಿ ಟಪಾಲಿನವನ ದಾರಿ ನೋಡುತ್ತಿರುತ್ತಾಳೆ. ಅವಳಿಗೆ ಎರಡನೆಯ ಇಯತ್ತೆಯೂ ಇಲ್ಲದಿರಬಹುದು. ಇದ್ದರೂ ಯಾರಿಗೆ ಬರೆಯುತ್ತಾಳೆ?

ಶಿವರಾತ್ರಿಗೆ ಅವನಿಗೆ ಎಡೆ ಇಡುತ್ತೇನೆ. ದೇವಿಂದ್ರ ಗೋರಿಯ ಮೇಲೆ ಫರಸಿ ಹಾಸುತ್ತೇನೆ ಅಂದಿದ್ದಾನೆ. ಅದರ ಮೇಲೆ ಏನೂ ಬರೆಯಬೇಡ ಅಂದೆ, ಏನು ಅಂತ ಬರೆಯುವುದು.

ನೀನು ಮತ್ತೆ ರಾಜನ ಚಿತ್ರ ಬರೆಯುತ್ತೀ, ನನಗೆ ಗೊತ್ತು, ರೋಗ ಬಿಡುವುದಿಲ್ಲ. ಅಣ್ಣನ ಕೊಂಬು ತೆಗೆ. ಮೀಸೆ ಇರಲಿ, ಅವನಿಗೆ ಸೇರಿದೆ. ರಾಜನ ದಂಡಿನಲ್ಲಿ ಇನ್ನೊಬ್ಬನನ್ನು ಸೇರಿಸು. ಮುಖ ಗೊತ್ತಿಲ್ಲದಿದ್ದರೆ ಬೆನ್ನು ಬರೆ. ಎಲ್ಲರಿಗಿಂತ ಮುಂದೆ ನಡೆಯಲಿ. ಅಂಗಿ ಮಾತ್ರ ಸರಿಯಾಗಿ ಬರೆ. ಎಡ ಬಗಲಿನ ಹೊಲಿಗೆ ನನ್ನದು, ಅವನ ತಾಯಿ ಕಂಡರೆ ಯಾರೋ ಹೊಲಿದು ತೊಡಿಸಿದ್ದರು ಅಂದುಕೊಳ್ಳಲಿ.

ನಿನ್ನ ಆಯಿ,
ಗುಂಡಮ್ಮ